ಕೊಟ್ಟಿಲ್ಲ ಅಲ್ಲ, ಬರ್ದಿಲ್ಲ

1/9
ಫೋಟೋದಲ್ಲಿ ಇರೋದು ನಮ್ಮ ಅವ್ವನ ಲೆಕ್ಕದ ಪುಸ್ತಕ. ಕೆಂಪು ರಟ್ಟು, ಮೂಲೆ ಎಲ್ಲ ಮಡಚಿಕೊಂಡಾವ, ಒಂದು ಕಡೆ ಚಹಾದ ಕಲೆ. ಎಡಗಡೆ ಹದಿನಾಲ್ಕು ಹೆಸರು (ಬ್ಲರ್ ಮಾಡಿದ್ದೀನಿ), ಮೇಲೆ ವಾರದ ತಾರೀಖು. ಏಳನೇ ಸಾಲಿನ ಮೂರನೇ ಚೌಕ ಜೂಮ್ ಮಾಡಿ ನೋಡಿ. ಅದರಲ್ಲಿ ಏನೂ ಇಲ್ಲ, ಖಾಲಿ.

ಈ ಸಲದ ಸರಣಿ ಪೂರ್ತಿ ಆ ಖಾಲಿ ಚೌಕದ ಬಗ್ಗೆ.

"ನಲ್ ಅಂದ್ರೆ ಏನು? ಕಾಟ್ಲಿನ್‌ನಲ್ಲಿ ಟೈಪ್ ಮುಂದೆ ಆ ಪ್ರಶ್ನೆ ಚಿಹ್ನೆ ಯಾಕೆ ಹಾಕ್ತಾರೆ?" ಅಂತ ನಿಮ್ಮಲ್ಲಿ ಬಹಳ ಜನ ಡಿಎಮ್ ಮಾಡಿದ್ರಿ. ಡೆಫಿನಿಷನ್ ಬರೆದು, ನಾಲ್ಕು ಉದಾಹರಣೆ ಕೊಟ್ಟು ಮುಗಿಸಬಹುದಿತ್ತು. ಪರೀಕ್ಷೆಗೆ ಅಷ್ಟೇ ಸಾಕು. ನಾನೂ ಅಷ್ಟೇ ಬರೆದು ಮಾರ್ಕ್ಸ್ ತಗೊಂಡಿದ್ದೆ. ಆದ್ರೆ ಅದು ನಿಜವಾಗ್ಲೂ ತಲೆಗೆ ಹೋಗಿದ್ದು, ನಾನು ಬರೆದ ಒಂದು ಸಾಲು ಕೋಡಿನಿಂದ ನಮ್ಮ ಓಣಿಯ ಒಬ್ಬರು ಎಲ್ಲರ ಮುಂದೆ ಸುಳ್ಳುಗಾರ್ತಿ ಅನ್ನಿಸಿಕೊಂಡ ಮೇಲೆ.

ತಪ್ಪು ನನ್ನದು. ಅದಕ್ಕೇ ಬರೀತಿದ್ದೀನಿ. ನಿಮ್ಮಿಂದ ಇದೇ ತಪ್ಪು ಆಗೋದು ಬೇಡ.

2/9
ಯಾವಗಲ್ ನೋಡಿಲ್ಲದವರಿಗೆ: ನಮ್ಮದು ಎರಿ ಹೊಲದ ಊರು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ. ರಾಶಿ ಆದಾಗ ನಾಲ್ಕು ದಿನ ಕೈಯಲ್ಲಿ ರೊಕ್ಕ ಇರುತ್ತೆ. ಉಳಿದ ತಿಂಗಳೆಲ್ಲ ಇಲ್ಲಿಂದ ಅಲ್ಲಿಗೆ ಹೊಂದಿಸೋದು.

ಹಂಗಾಗಿ ಓಣಿಯ ಹದಿನಾಲ್ಕು ಹೆಣ್ಮಕ್ಕಳು ಸೇರಿ ಒಂದು ಉಳಿತಾಯದ ಸಂಘ ಮಾಡಿಕೊಂಡಿದ್ದಾರೆ. ಐತವಾರ ಸಂಜೆ ಗುಡಿ ಕಟ್ಟೆ ಮೇಲೆ ಕೂಡ್ತಾರೆ. ಒಬ್ಬೊಬ್ಬರು ನೂರು ರೂಪಾಯಿ ಕೊಡ್ತಾರೆ. ಕೂಡಿದ ರೊಕ್ಕದಲ್ಲಿ ಸರದಿ ಪ್ರಕಾರ ಸಾಲ. ವಾರ ತಪ್ಪಿಸಿದವರಿಗೆ ಹತ್ತು ರೂಪಾಯಿ ದಂಡ, ಮೇಲೆ ಸಾಲದ ಸರದಿಯಲ್ಲಿ ಕೊನೆಗೆ ಹೋಗಬೇಕು. ಲೆಕ್ಕ ಬರೆಯೋದು ನಮ್ಮ ಅವ್ವ. ಏಳನೇ ಇಯತ್ತೆ ಕಲಿತಾಕಿ, ಒಂದು ರೂಪಾಯಿ ಆಚೀಚೆ ಆಗಲ್ಲ.

ಕಾಲೇಜಿನಲ್ಲಿ ಮಿನಿ ಪ್ರಾಜೆಕ್ಟ್ ಮಾಡಬೇಕಿತ್ತು. ಎಲ್ಲರೂ ಲೈಬ್ರರಿ ಮ್ಯಾನೇಜ್‌ಮೆಂಟ್ ಮಾಡ್ತಿದ್ರು. ನಾನು "ಸಂಘದ ಆ್ಯಪ್" ಅಂದೆ. ಗೈಡ್ ಖುಷಿಯಾದ್ರು. ಅವ್ವ ಪುಸ್ತಕದಲ್ಲಿ ಬರೆದ ಹಾಗೆ ಫೋನಿನಲ್ಲಿ ಅಂಕಿ ತುಂಬೋದು, ಆ್ಯಪ್ ತಾನೇ ಒಟ್ಟು ಹಾಕೋದು, ಬಾಕಿ ಇದ್ದವರ ಹೆಸರು ಕೆಂಪು ಅಕ್ಷರದಲ್ಲಿ ತೆಗೆದು ಸಂಘದ ವಾಟ್ಸಾಪ್ ಗ್ರೂಪಿಗೆ ಕಳಿಸೋದು. ಆ ಕೆಂಪು ಅಕ್ಷರ ನನ್ನ ಐಡಿಯಾ. ಡೆಮೋದಲ್ಲಿ ಚೆನ್ನಾಗಿ ಕಾಣಲಿ ಅಂತ.

3/9
ಮೇ ತಿಂಗಳ ಕೊನೆ. ರೋಹಿಣಿ ಮಳೆ ಬಂದ್ರೆ ಹೆಸರು ಬಿತ್ತಬೇಕು ಅಂತ ಎಲ್ಲರೂ ಮೋಡ ನೋಡ್ತಿದ್ರು. ಸಾಲದ ಸರದಿ ನಾವೆಲ್ಲ ಚಿಗವ್ವ ಅಂತ ಕರೆಯೋ ಒಬ್ಬರದು. ಬೀಜ, ಗೊಬ್ಬರಕ್ಕೆ ಬೇಕಿತ್ತು.

ಅದಕ್ಕೂ ಹಿಂದಿನ ಒಂದು ಐತವಾರ ಚಿಗವ್ವ ಹೊಲದಿಂದ ಬರೋದು ತಡ ಆಯ್ತು. ಅಷ್ಟರಲ್ಲಿ ಸಭೆ ಮುಗಿದಿತ್ತು. ಅವ್ವ, ಅಜ್ಜನ ಕಣ್ಣಿನ ಆಪರೇಷನ್ನಿಗೆ ಅಂತ ಹುಬ್ಬಳ್ಳಿ ಬಸ್ ಹತ್ತಿದ್ಲು. ಚಿಗವ್ವನ ಚೌಕ ಖಾಲಿ ಬಿಟ್ಟು ಹೋಗಿದ್ಲು. ಬಂದ ಮೇಲೆ ಕೇಳಿ ಬರೆದ್ರಾಯ್ತು ಅಂತ. ಫೋನಿನಲ್ಲೂ ಖಾಲಿ ಬಿಟ್ಟಿದ್ಲು. ಆಮೇಲೆ ದವಾಖಾನೆ ಓಡಾಟದಲ್ಲಿ ಮರೆತಳು.

ಸಾಲ ಕೊಡೋ ದಿನ ನನ್ನ ಆ್ಯಪ್ ಗ್ರೂಪಿಗೆ ಪಟ್ಟಿ ಕಳಿಸ್ತು. ಚಿಗವ್ವನ ಹೆಸರು ಕೆಂಪು. ಮುಂದೆ: ₹0. ಕಟ್ಟಿಲ್ಲ. ದಂಡ ₹10.

"ನಾ ಕೊಟ್ಟೇನಿ" ಅಂದ್ಲು ಚಿಗವ್ವ.
"ಫೋನಿನ್ಯಾಗ ಬಂದೈತೆಲ್ಲಬೇ" ಅಂದ್ರು ಯಾರೋ.

ಅಲ್ಲಿಗೆ ಮಾತು ಮುಗೀತು. ಬರೆದಾಕಿ ತಪ್ಪಿರಬಹುದು ಅಂತ ಪುಸ್ತಕದ ಮೇಲಾದ್ರೆ ಸಂಶಯ ಪಡ್ತಾರೆ, ಫೋನಿನ ಮೇಲೆ ಪಡಲ್ಲ. ಸರದಿ ಮುಂದಿನವರಿಗೆ ಹೋಯ್ತು. ಚಿಗವ್ವ ಬೀಜಕ್ಕೆ ಹೊರಗೆ ಬಡ್ಡಿಗೆ ರೊಕ್ಕ ತಂದ್ಲು. ಮುಂದಿನ ಎರಡು ಐತವಾರ ಕಟ್ಟೆಗೆ ಬರಲಿಲ್ಲ.

ಆಮೇಲೆ ಒಂದು ದಿನ ಅಜ್ಜಿ ದೇವರ ಜಗಲಿ ಒರೆಸ್ತಾ, "ಅಕಿ ಅವತ್ತ ರಾತ್ರಿ ಕೊಟ್ಟಿದ್ದ ನೂರ ರೂಪಾಯಿ ಇಲ್ಲೇ ಐತಿ ನೋಡ, ನಿಮ್ಮವ್ವಗ ಕೊಡೂದ ಮರತಬಿಟ್ಟೆ" ಅಂದ್ಲು.

4/9
ಈಗ ಕೋಡಿಗೆ ಬರೋಣ.

ಕನ್ನಡದಲ್ಲಿ ನಮಗೆ ಎರಡು ಮಾತಿವೆ: ಅಲ್ಲ ಮತ್ತು ಇಲ್ಲ. "ಇದು ನಿನ್ನ ಪೆನ್ನಾ?" "ಅಲ್ಲ." "ನಿನ್ನ ಹತ್ರ ಪೆನ್ ಇದೆಯಾ?" "ಇಲ್ಲ." ಸಣ್ಣ ಮಗು ಕೂಡ ಇದನ್ನ ಅದಲುಬದಲು ಮಾಡಲ್ಲ. ಪ್ರೋಗ್ರಾಮಿಂಗ್‌ನಲ್ಲಿ ಫಾಲ್ಸ್ ಅನ್ನೋದು ಅಲ್ಲ. ನಲ್ ಅನ್ನೋದು ಇಲ್ಲ. ಅಲ್ಲ ಅನ್ನೋದೂ ಒಂದು ಉತ್ತರ. ನಲ್ ಅಂದ್ರೆ ಅಲ್ಲಿ ಉತ್ತರವೇ ಇಲ್ಲ.

ಸೊನ್ನೆನೂ ನಲ್ ಅಲ್ಲ. ಚೀಲ ಇದೆ, ಒಳಗೆ ಕಾಳಿಲ್ಲ: ಇದು ಸೊನ್ನೆ, ಇಲ್ಲವೇ ಎಂಪ್ಟಿ ಸ್ಟ್ರಿಂಗ್. ಚೀಲವೇ ಇಲ್ಲ: ಇದು ನಲ್. ಮಳೆ ಮಾಪಕ 0 ಮಿಲಿಮೀಟರ್ ತೋರಿಸಿದ್ರೆ ಅವತ್ತು ಮಳೆ ಬಂದಿಲ್ಲ ಅಂತ. ಮಾಪಕ ಕೆಟ್ಟಿದ್ರೆ? ಮಳೆ ಬಂತೋ ಇಲ್ಲೋ ಗೊತ್ತಿಲ್ಲ ಅಂತ. ಎರಡನ್ನೂ 0 ಅಂತ ಬರೆದ್ರೆ, ಆ ತಿಂಗಳ ಮಳೆ ಲೆಕ್ಕ ನೋಡಿ ತೀರ್ಮಾನ ಮಾಡೋರಿಗೆ ನಾವು ಸುಳ್ಳು ಹೇಳಿದ ಹಾಗೆ.

ಎಸ್‌ಕ್ಯೂಎಲ್ ಓದಿದವರಿಗೆ ಒಂದು ವಿಚಿತ್ರ ನೆನಪಿರಬಹುದು. ಅಲ್ಲಿ ನಲ್ = ನಲ್ ಅಂತ ಕೇಳಿದ್ರೆ ಹೌದು ಅನ್ನಲ್ಲ, ಅಲ್ಲ ಅಂತಾನೂ ಅನ್ನಲ್ಲ. ಗೊತ್ತಿಲ್ಲ ಅನ್ನುತ್ತೆ. ಅದಕ್ಕೇ ಇಸ್ ನಲ್ ಅಂತ ಬೇರೆ ಬರೀಬೇಕು. ಮೊದಲು ನನಗೂ ಇದು ಹುಚ್ಚು ಅನ್ನಿಸಿತ್ತು. ಆದ್ರೆ ಯೋಚನೆ ಮಾಡಿ: ನಮ್ಮ ಅಜ್ಜಿ ವಯಸ್ಸು ಗೊತ್ತಿಲ್ಲ, ನಿಮ್ಮ ಅಜ್ಜಿ ವಯಸ್ಸೂ ಗೊತ್ತಿಲ್ಲ. ಅಷ್ಟಕ್ಕೇ ಇಬ್ಬರೂ ಒಂದೇ ವಯಸ್ಸಿನವರು ಆಗ್ತಾರಾ?

5/9
ಈ ನಲ್ ಎಲ್ಲಿಂದ ಬಂತು?

1965ರಲ್ಲಿ ಟೋನಿ ಹೋರ್ ಅನ್ನೋ ಬ್ರಿಟಿಷ್ ವಿಜ್ಞಾನಿ ಆಲ್ಗಾಲ್ ಡಬ್ಲ್ಯೂ ಅನ್ನೋ ಭಾಷೆಯಲ್ಲಿ ನಲ್ ರೆಫರೆನ್ಸ್ ಸೇರಿಸಿದ್ರು. ನಾವು ಡಿಎಸ್‌ಎ ಕ್ಲಾಸಿನಲ್ಲಿ ಒದ್ದಾಡೋ ಕ್ವಿಕ್‌ಸಾರ್ಟ್ ಕೂಡ ಅವರದ್ದೇ. 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಅಂಥವರು 2009ರಲ್ಲಿ ಲಂಡನ್ನಿನ ಒಂದು ಸಮಾವೇಶದಲ್ಲಿ ನಿಂತು, ಅದು ನನ್ನ ಬಿಲಿಯನ್ ಡಾಲರ್ ತಪ್ಪು ಅಂತ ಒಪ್ಪಿಕೊಂಡ್ರು. ಯಾಕೆ ಸೇರಿಸಿದ್ರಿ ಅಂದ್ರೆ, ಸೇರಿಸೋದು ಬಹಳ ಸುಲಭ ಇತ್ತು, ಆಸೆ ತಡೆಯೋಕಾಗಲಿಲ್ಲ ಅಂದ್ರು. ಇದನ್ನ ಓದಿದಾಗ ನನಗೆ ಸ್ವಲ್ಪ ಸಮಾಧಾನ ಆಯ್ತು ಅಂತ ಒಪ್ಕೋತೀನಿ.

ತೊಂದರೆ ಏನಂದ್ರೆ, ಸಿ, ಜಾವಾದಂಥ ಭಾಷೆಗಳಲ್ಲಿ ಯಾವ ಪಾಯಿಂಟರ್, ಯಾವ ರೆಫರೆನ್ಸ್ ಬೇಕಾದ್ರೂ ನಲ್ ಆಗಿರಬಹುದು. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಕಂಪೈಲರ್ ಕೂಡ ಏನೂ ಅನ್ನಲ್ಲ. ಓಡಿಸಿದ ಮೇಲೆ ಬೀಳುತ್ತೆ.

2025ರ ಜೂನ್ 12ರ ರಾತ್ರಿ ಸ್ಪಾಟಿಫೈ, ಡಿಸ್ಕಾರ್ಡ್ ಎಲ್ಲ ಕೈಕೊಟ್ಟಿದ್ದು ನೆನಪಿದೆಯಾ? ಗೂಗಲ್ ಕ್ಲೌಡ್ ಕೆಟ್ಟಿತ್ತು. ಆಮೇಲೆ ಗೂಗಲ್ಲೇ ಕಾರಣ ಪ್ರಕಟ ಮಾಡ್ತು: ಒಂದು ಪಾಲಿಸಿ ದಾಖಲೆಯಲ್ಲಿ ಕೆಲವು ಜಾಗ ಖಾಲಿ ಬಿಟ್ಟುಹೋಗಿತ್ತು. ಅದನ್ನ ಓದಿದ ಕೋಡ್ ಖಾಲಿ ಇರಬಹುದು ಅಂತ ಯೋಚನೆ ಮಾಡಿರಲಿಲ್ಲ. ನಲ್ ಪಾಯಿಂಟರ್ ಬಂತು, ಪ್ರೋಗ್ರಾಂ ಬಿತ್ತು, ಮತ್ತೆ ಎದ್ದಿತು, ಮತ್ತೆ ಬಿತ್ತು. ಆ ದಾಖಲೆ ಸೆಕೆಂಡುಗಳಲ್ಲಿ ಜಗತ್ತಿನ ಎಲ್ಲ ಕಡೆ ನಕಲಾಗಿದ್ದರಿಂದ ಎಲ್ಲ ಕಡೆನೂ ಬಿತ್ತು.

ಅಷ್ಟು ದೊಡ್ಡ ಕಂಪನಿ, ಅಷ್ಟು ದೊಡ್ಡ ಎಂಜಿನಿಯರುಗಳು. ಎಡವಿದ್ದು ಮಾತ್ರ ಖಾಲಿ ಚೌಕಕ್ಕೆ.

6/9
ಇದಕ್ಕೆ ಉಪಾಯವಾಗಿ ಬಂದಿದ್ದೇ ಆಪ್ಷನಲ್ ಟೈಪ್. ಹ್ಯಾಸ್ಕೆಲ್‌ನಲ್ಲಿ ಮೇಬಿ ಅನ್ನೋ ಹೆಸರಲ್ಲಿ ಮೊದಲೇ ಇತ್ತು. 2014ರಲ್ಲಿ ಜಾವಾ 8 ಆಪ್ಷನಲ್ ತಂತು. ಅದೇ ವರ್ಷ ಬಂದ ಸ್ವಿಫ್ಟ್, 2015ರಲ್ಲಿ 1.0 ಆದ ರಸ್ಟ್, 2016ರಲ್ಲಿ 1.0 ಆದ ಕಾಟ್ಲಿನ್, ಮೂರೂ ಇದನ್ನ ಭಾಷೆಯ ಬುಡದಲ್ಲೇ ಇಟ್ಟವು.

ಕಾಟ್ಲಿನ್‌ನಲ್ಲಿ ಇಂಟ್ ಅಂದ್ರೆ ಅಂಕಿ ಇದ್ದೇ ಇರುತ್ತೆ ಅಂತ ಖಾತ್ರಿ. ಇಂಟ್? ಅಂದ್ರೆ ಇರಬಹುದು, ಇಲ್ಲದೇ ಇರಬಹುದು. ಪ್ರಶ್ನೆ ಚಿಹ್ನೆ ಇದ್ದಿದ್ದನ್ನ ಸೀದಾ ಕೂಡಿಸೋಕೆ ಹೋದ್ರೆ ಕಂಪೈಲರ್ ಕೆಂಪು ಗೆರೆ ಎಳೆಯುತ್ತೆ: "ಇಲ್ಲದಿದ್ರೆ ಏನ್ ಮಾಡ್ಲಿ? ಮೊದಲು ಹೇಳು."

ಉತ್ತರ ಹೇಳೋಕೆ ಸುಲಭದ ಮೂರು ದಾರಿ:
?. ಅಂದ್ರೆ, ಇದ್ರೆ ಕೆಲಸ ಮಾಡು, ಇಲ್ಲದಿದ್ರೆ ನಲ್ ಅಂತಲೇ ಮುಂದೆ ಕಳಿಸು.
!! ಅಂದ್ರೆ, ನನ್ನಾಣೆ ಇದ್ದೇ ಇದೆ, ಸುಮ್ನೆ ಹೋಗು. ಆಣೆ ಸುಳ್ಳಾದ್ರೆ ಆ್ಯಪ್ ಅಲ್ಲೇ ಬೀಳುತ್ತೆ.
?: ಅಂದ್ರೆ, ಇಲ್ಲದಿದ್ರೆ ಅದರ ಬದಲು ಇದನ್ನ ತಗೋ. ಚಿಹ್ನೆ ಅಡ್ಡ ತಿರುಗಿಸಿ ನೋಡಿ, ಎಲ್ವಿಸ್ ಪ್ರೆಸ್ಲಿಯ ಕೂದಲು ಕಾಣುತ್ತೆ. ಅದಕ್ಕೇ ಎಲ್ವಿಸ್ ಆಪರೇಟರ್ ಅಂತ ಹೆಸರು.

ಈಗ ತಪ್ಪೊಪ್ಪಿಗೆ. ನನ್ನ ಕೋಡಿನಲ್ಲೂ ಆ ಕೆಂಪು ಗೆರೆ ಬಂದಿತ್ತು. ಭಾಷೆ ತನ್ನ ಕೆಲಸ ಮಾಡಿತ್ತು. ರಾತ್ರಿ ಒಂದೂವರೆ, ಮರುದಿನ ಡೆಮೋ. ನಾನು ಟೈಪ್ ಮಾಡಿದ್ದು: ?: 0

ಕೆಂಪು ಗೆರೆ ಹೋಯ್ತು. ಖುಷಿಯಾಗಿ ಮಲಗಿದೆ.

ನೋಡಿ, !! ಹಾಕಿದ್ರೆ ಆ್ಯಪ್ ಬೀಳ್ತಿತ್ತು. ಅವ್ವ ನನಗೆ ಫೋನ್ ಮಾಡಿ ಬೈತಿದ್ಲು, ಅಷ್ಟೇ. ಚಿಗವ್ವನ ಹೆಸರು ಕೆಂಪಾಗ್ತಿರಲಿಲ್ಲ. ಬಿದ್ದ ಪ್ರೋಗ್ರಾಂ ನೋಡಿದವರಿಗೆ ಏನೋ ತಪ್ಪಾಗಿದೆ ಅಂತಾದ್ರೂ ಗೊತ್ತಾಗುತ್ತೆ. ಸೊನ್ನೆ ತುಂಬಿದ ಪ್ರೋಗ್ರಾಂ ನಗುನಗ್ತಾ ತಪ್ಪು ಹೇಳುತ್ತೆ.

7/9
ಇದನ್ನ ಮೊದಲು ಮಾಡಿದ್ದು ನಾನೇ ಅಲ್ಲ.

ನಿಮ್ಮ ಮನೆಯ ಹಿರಿಯರ ಶಾಲೆ ದಾಖಲೆ ತೆಗೆದು ಹುಟ್ಟಿದ ದಿನಾಂಕ ನೋಡಿ. ನಮ್ಮ ಅಜ್ಜಂದು ಜೂನ್ 1. ದೊಡ್ಡಪ್ಪಂದು ಜೂನ್ 1. ಎದುರು ಮನೆ ಮುತ್ಯಾಂದೂ ಜೂನ್ 1. ಉತ್ತರ ಕರ್ನಾಟಕದ ಯಾವ ಊರಿಗೆ ಹೋದ್ರೂ ಇಂಥವರು ಸಿಗ್ತಾರೆ. ಆಗ ಮನೆಯಲ್ಲೇ ಹೆರಿಗೆ, ತಾರೀಖು ಬರೆದಿಡೋರು ಯಾರು? ಜನನ, ಮರಣ ನೋಂದಣಿಗೆ ಇಡೀ ದೇಶಕ್ಕೊಂದು ಕಾಯಿದೆ ಬಂದಿದ್ದೇ 1969ರಲ್ಲಿ. ಶಾಲೆ ಶುರುವಾಗೋದು ಜೂನ್‌ನಲ್ಲಿ. ಮಾಸ್ತರರು ಹುಡುಗನ ಮುಖ ನೋಡಿ, ವಯಸ್ಸು ಹೊಂದೋ ಹಾಗೆ ವರ್ಷ ಲೆಕ್ಕ ಹಾಕಿ, ಜೂನ್ 1 ಅಂತ ಬರೆದ್ರು. ಅಂದ್ರೆ ಎಲ್ವಿಸ್ ಆಪರೇಟರ್ ಹಾಕಿದ್ರು: ?: ಜೂನ್ 1.

ನಮ್ಮ ಅಜ್ಜ ಹುಟ್ಟಿದ್ದು ನಿಜವಾಗಿ ಸೀಗಿ ಹುಣ್ಣಿಮೆ ಆಸುಪಾಸು, "ಬೆಣ್ಣಿಹಳ್ಳಕ್ಕ ದೊಡ್ಡ ನೀರ ಬಂದ ವರ್ಷ" ಅಂತೆ. ಅಂದ್ರೆ ಮನೆಯವರಿಗೆ ಕಾಲ ಗೊತ್ತಿತ್ತು, ಇಸವಿ ಗೊತ್ತಿರಲಿಲ್ಲ. ಗೊತ್ತಿದ್ದ ಅರ್ಧವೂ ಜೂನ್ 1ರ ಕೆಳಗೆ ಮುಚ್ಚಿಹೋಯ್ತು. ಈಗ ಆ ದಾಖಲೆ ನೋಡಿದವರಿಗೆ, ನಿಜವಾಗಿ ಜೂನ್ 1ಕ್ಕೆ ಹುಟ್ಟಿದವರು ಯಾರು, ಗೊತ್ತಿಲ್ಲ ಅಂತ ಬರೆಸಿಕೊಂಡವರು ಯಾರು ಅಂತ ಬೇರೆ ಮಾಡೋಕೆ ಆಗಲ್ಲ.

ಆಧಾರ್ ನೋಂದಣಿಯಲ್ಲಿ ಇದಕ್ಕೆ ಒಂದು ದಾರಿ ಇಟ್ಟಿದ್ರು. ಹುಟ್ಟಿದ ದಿನಾಂಕದ ಜೊತೆ ಅದು ಯಾವ ಬಗೆಯದು ಅಂತಾನೂ ಬರೆದುಕೊಳ್ತಾರೆ: ದಾಖಲೆ ನೋಡಿ ಬರೆದಿದ್ದಾ, ಅವರೇ ಹೇಳಿದ್ದಾ, ಅಂದಾಜಾ. ಎಷ್ಟೋ ಹಿರಿಯರ ಕಾರ್ಡಿನ ಮೇಲೆ ಬರೀ ಹುಟ್ಟಿದ ವರ್ಷ ಮಾತ್ರ ಇರುತ್ತೆ. ತಿಂಗಳು, ದಿನ ಗೊತ್ತಿಲ್ಲದಿದ್ರೆ ಹಾಕೋದು ಬೇಡ ಅಂತ. ಆಪ್ಷನಲ್ ಟೈಪ್ ಹೇಳೋದೂ ಇಷ್ಟೇ.

ಆದ್ರೆ ಮಾಸ್ತರರನ್ನ ಬೈಯೋಕೂ ಮನಸ್ಸು ಬರಲ್ಲ. ರಜಿಸ್ಟರಿನಲ್ಲಿ ಆ ಚೌಕ ಖಾಲಿ ಬಿಡೋಹಾಗಿರಲಿಲ್ಲ. ಹುಡುಗ ಶಾಲೆಗೆ ಸೇರಬೇಕಿತ್ತು. ನನಗೆ ಅಂಥ ಯಾವ ಕಷ್ಟವೂ ಇರಲಿಲ್ಲ. ನನಗೆ ಇದ್ದಿದ್ದು ನಿದ್ದೆ.

8/9
ಆ್ಯಪ್ ತಿದ್ದೋಕೆ ಕೂತಾಗ ಅವ್ವನ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡೆ. ಆಗ ಮೊದಲ ಸಲ ಸರಿಯಾಗಿ ನೋಡಿದೆ. ರೊಕ್ಕ ಕೊಟ್ಟವರ ಚೌಕದಲ್ಲಿ 100. ಕೊಡದವರ ಚೌಕದಲ್ಲಿ ಒಂದು ಅಡ್ಡಗೆರೆ. ಕೇಳಿ ಬರೀಬೇಕಾದವರದು ಖಾಲಿ.

"ಇದೇನವ್ವಾ, ಗೆರಿನೂ ಐತಿ, ಖಾಲಿನೂ ಐತಿ?"
"ಗೆರಿ ಅಂದ್ರ ಕೊಟ್ಟಿಲ್ಲ. ಖಾಲಿ ಅಂದ್ರ ನಂಗ ಗೊತ್ತಿಲ್ಲ. ಅಷ್ಟೂ ತಿಳಿಯಂಗಿಲ್ಲೇನ ನಿಂಗ?"

ಪುಸ್ತಕದಲ್ಲಿ ಮೂರು ಸ್ಥಿತಿ ಇತ್ತು. ನಾನು ಅದನ್ನ "ಡಿಜಿಟಲ್" ಮಾಡ್ತೀನಿ ಅಂತ ಎರಡಕ್ಕೆ ಇಳಿಸಿದ್ದೆ.

ಬರೀ ಇಂಟ್? ಇದ್ರೂ ಇದಕ್ಕೆ ಸಾಲಲ್ಲ. ನಲ್ ಅಂದ್ರೆ ಕೊಟ್ಟಿಲ್ಲವೋ, ಗೊತ್ತಿಲ್ಲವೋ ಅನ್ನೋ ಗೊಂದಲ ಮತ್ತೆ ಉಳಿಯುತ್ತೆ. ಹಂಗಾಗಿ ಕಾಟ್ಲಿನ್‌ನ ಸೀಲ್ಡ್ ಕ್ಲಾಸ್ ಬಳಸಿ ಮೂರು ಹೆಸರು ಕೊಟ್ಟೆ: ಕೊಟ್ಟಿದ್ದಾರೆ (ಜೊತೆಗೆ ಎಷ್ಟು ಅನ್ನೋ ಅಂಕಿ), ಕೊಟ್ಟಿಲ್ಲ, ಬರ್ದಿಲ್ಲ. ಈಗ ವೆನ್ ಬರೆದು ಉತ್ತರ ಕೇಳಿದಾಗ ಮೂರನ್ನೂ ಹೇಳಲೇಬೇಕು. ಒಂದು ಬಿಟ್ರೂ ಕಂಪೈಲ್ ಆಗಲ್ಲ. ದಂಡ ಬೀಳೋದು ಎರಡನೇದಕ್ಕೆ ಮಾತ್ರ. ಮೂರನೇದು ಇದ್ರೆ ಪಟ್ಟಿ ಗ್ರೂಪಿಗೆ ಹೋಗಲ್ಲ. ಅವ್ವನ ಫೋನಿಗೆ ಒಂದು ಪ್ರಶ್ನೆ ಬರುತ್ತೆ: ಇವರನ್ನ ಕೇಳಿದ್ರಾ?

ಸರಾಸರಿ ಲೆಕ್ಕದಲ್ಲೂ ಹುಷಾರಾಗಿರಿ. ನಾಲ್ಕು ವಾರ: 100, 100, ಖಾಲಿ, 100. ಖಾಲಿಯನ್ನ ಸೊನ್ನೆ ಮಾಡಿದ್ರೆ ಸರಾಸರಿ 75. ಎಸ್‌ಕ್ಯೂಎಲ್‌ನ ಆ್ಯವರೇಜ್ ಫಂಕ್ಷನ್ ನಲ್ ಅನ್ನ ಬಿಟ್ಟು ಮೂರರಿಂದ ಭಾಗಿಸುತ್ತೆ, 100 ಬರುತ್ತೆ. ಎರಡರಲ್ಲಿ ಯಾವುದು ಸರಿ? ಆ ಖಾಲಿಗೆ ಏನು ಅರ್ಥ ಅಂತ ತಿಳಿಯೋವರೆಗೆ ಎರಡೂ ಊಹೆ. "ಮೂರು ವಾರದ ಲೆಕ್ಕ ಸಿಕ್ಕಿದೆ, ಒಂದು ಬಾಕಿ" ಅಂತ ಪಕ್ಕದಲ್ಲಿ ಬರೆಯೋದೊಂದೇ ಪ್ರಾಮಾಣಿಕ ದಾರಿ.

9/9
ಅಜ್ಜಿ ಕೊಟ್ಟ ಆ ನೂರರ ನೋಟು ಹಿಡ್ಕೊಂಡು ನಾನು, ಅವ್ವ ಚಿಗವ್ವನ ಮನೆಗೆ ಹೋದ್ವಿ. ಅವ್ವ ಮಾತಾಡೋಕೆ ಮುಂಚೆ ನಾನೇ ಹೇಳಿದೆ: ನಿಮ್ಮದು ತಪ್ಪಿಲ್ಲ, ಅವ್ವಂದೂ ಅಲ್ಲ, ನಾನು ಬರೆದ ಪ್ರೋಗ್ರಾಮಿಂದು. ಎಲ್ವಿಸ್, ನಲ್ ಅಂತ ಏನೇನೋ ಬಡಬಡಿಸಿದೆ.

ಚಿಗವ್ವ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. ಎಲ್ಲ ಕೇಳಿದ ಮೇಲೆ ಅಂದ್ಲು: "ಬರ್ದಿಲ್ಲ ಅಂದ್ರ ಬರ್ದಿಲ್ಲ ಅನ್ನಬೇಕಿಲ್ಲಬೇ ಯವ್ವಾ. ಕೊಟ್ಟಿಲ್ಲ ಅಂತ ಯಾಕ ಅನ್ನಿಸ್ದಿ?"

ನನ್ನ ಹತ್ರ ಉತ್ತರ ಇರಲಿಲ್ಲ.

ಆ ಐತವಾರ ಅವ್ವ ಕಟ್ಟೆ ಮೇಲೆ ಎಲ್ಲರ ಮುಂದೆ ಪುಸ್ತಕ ಬಿಚ್ಚಿ ತಪ್ಪು ಹೇಳಿದ್ಲು. ನಾನು ಗ್ರೂಪಿನಲ್ಲಿ ಬರೆದೆ. ದಂಡ ತೆಗೆದ್ರು, ಸರದಿ ವಾಪಸ್ ಕೊಟ್ರು. ಆದ್ರೆ ಹೊರಗೆ ತಂದ ರೊಕ್ಕದ ಬಡ್ಡಿ ಅದಾಗಲೇ ಓಡ್ತಿತ್ತು. ಅದನ್ನ ಯಾವ ಅಪ್‌ಡೇಟ್‌ನಿಂದ ತಿದ್ದಲಿ? ಚಿಗವ್ವ ಈಗ ಸಭೆಗೆ ಬರ್ತಾಳೆ. ರೊಕ್ಕ ಕೊಟ್ಟ ಮೇಲೆ ಅವ್ವ ಬರೆಯೋವರೆಗೂ ಪಕ್ಕದಲ್ಲೇ ನಿಂತು ನೋಡ್ತಾಳೆ. ಮೊದಲು ಹಂಗೆ ನಿಲ್ತಿರಲಿಲ್ಲ.

ಹಂಗಾಗಿ ದೋಸ್ತರೇ, ನಾಳೆ ನಿಮ್ಮ ಕೋಡಿನಲ್ಲಿ ಆ ಕೆಂಪು ಗೆರೆ ಬಂದಾಗ, ಕಂಪೈಲರ್ ಕಾಟ ಕೊಡ್ತಿದೆ ಅಂದ್ಕೋಬೇಡಿ. ಅದು ಕೇಳ್ತಿರೋದು ಸರಿಯಾದ ಪ್ರಶ್ನೆ: ಇಲ್ಲದಿದ್ರೆ ಏನು? ಉತ್ತರ ಗೊತ್ತಿಲ್ಲದಿದ್ರೆ ಗೊತ್ತಿರೋರನ್ನ ಕೇಳಿ. ಸೊನ್ನೆ ಹಾಕೋ ಮುಂಚೆ ಆ ಸೊನ್ನೆ ಯಾರ ಹೆಸರಿನ ಮುಂದೆ ಹೋಗಿ ಕೂರುತ್ತೆ ಅಂತ ಒಂದು ಸಲ ನೋಡಿ.

ಕಾಮೆಂಟಿನಲ್ಲಿ ಹೇಳಿ: ನಿಮ್ಮ ಮನೆಯಲ್ಲಿ ಜೂನ್ 1ರ ಹುಟ್ಟುಹಬ್ಬದವರು ಎಷ್ಟು ಜನ? ಅವರು ನಿಜವಾಗಿ ಹುಟ್ಟಿದ್ದು ಯಾವ ಮಳೆಗೆ, ಯಾವ ಹಬ್ಬಕ್ಕೆ ಅಂತ ಇವತ್ತೇ ಕೇಳಿ ಬರೆದಿಡಿ. ಗೊತ್ತಿದ್ದಷ್ಟೇ ಬರೀರಿ. ಉಳಿದಿದ್ದು ಖಾಲಿ ಬಿಡಿ.

#ಕನ್ನಡದಲ್ಲಿಕೋಡಿಂಗ್ #ಯಾವಗಲ್ #ನಲ್‌ಕಥೆ